ಅಂಟಿಸಿದ ಸ್ಲೈಡ್

ಒಂದೇ ಹೊಟ್ಟೆಯಲ್ಲಿ ಎರಡು ಗಡ್ಡೆ ಇರಲಾರವು ಎಂಬುದು ಪೆಥಾಲಜಿ ಪ್ರೊಫೆಸರ್ ಪದ್ಮರಾಜರು ತಿರುಚಿಟ್ಟ ಗಾದೆ. ಮುಂದಿನದು ಮಾತ್ರ ತಿರುಚದೆ ಹೇಳುವ, ನಡೆದ ಕಥೆ.

ಪ್ರತಿವರ್ಷ ಅವರು ಇಬ್ಬರು ರೋಗಿಗಳ ಗಡ್ಡೆಯ ಚೂರುಗಳನ್ನು ಒಂದೇ ಗಾಜಿನ ಮೇಲೆ ಅಂಟಿಸಿ ಒಬ್ಬರದ್ದೇ ಎಂಬಂತೆ ಹೊಸ ಡಾಕ್ಟರುಗಳಿಗೆ ಪರೀಕ್ಷಿಸಲು ಕೊಡುತ್ತಿದ್ದರು. ಆ ಡಾಕ್ಟರುಗಳು ಉತ್ತರಿಸುತ್ತ ತೊದಲಿದರೆ ಅದೇ ದನಿಯಲ್ಲಿ ಅಣಕಿಸುತ್ತಿದ್ದರು. ಈ ಸಲ ಅವರಲ್ಲೊಬ್ಬಳಾದ ಡಾಕ್ಟರ್ ಐರಿನ್ ತಾನೇ ಒಂದು ಸ್ಲೈಡ್ ತಂದಳು. ಅದರ ಮೇಲಿದ್ದದ್ದು ಬರೀ ನಂಬರು, ರೋಗಿಯ ಹೆಸರಿಲ್ಲ. ಅದರಲ್ಲಿ ಅವಳಿಗೆ ಕಂಡದ್ದು ಎರಡು ರೋಗ; ಒಂದನ್ನು ಬಿಟ್ಟು ವರದಿ ಬರೆದರೂ ರೋಗಿ ಉಳಿಯುವುದು ಕಷ್ಟ. ಎರಡನ್ನೂ ಬರೆಯಲು ಸರ್ ಸಹಿ ಬೇಕು.

ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಇಲ್ಲಿ ಜಠರದ ಕ್ಯಾನ್ಸರು, ತಾಗಿಕೊಂಡೇ ಲಿಂಫೋಮಾ, ಬೇರೆಯೇ ಜಾತಿಯ ಕ್ಯಾನ್ಸರು! ಎಂತ ಮಾರಾಯ್ತಿ, ನನಗೇ ಟೋಪಿಯಾ? ಯಾರ್ಯಾರದ್ದು ಅಂಟಿಸಿದ್ದು?"

"ಅಂಟಿಸಿದ್ದಲ್ಲ ಸರ್. ಎರಡೂ ಒ-ಒಬ್ಬರದ್ದೇ. ಹೋದ ಸೋಮವಾರ ಎಂಡೋಸ್ಕೋಪಿಯಲ್ಲಿ ತೆಗೆದದ್ದು."

"'ಒ-ಒಬ್ಬರದ್ದೇ ಸರ್!'" ಅವಳ ದನಿಯಲ್ಲೇ ಅಣಕಿಸಿ ಅವರು ಮೇಜು ಗುದ್ದಿದರು. ಕೋಣೆಯಲ್ಲಿದ್ದ ಉಳಿದ ಡಾಕ್ಟರುಗಳೆಲ್ಲ ನಕ್ಕರು. "ಆಯ್ತು, ಸೋತೆ. ಆ ಪುಣ್ಯಾತ್ಮನ ಹೆಸರಾದರೂ ಹೇಳು."

ಐರಿನ್ ಬಯಾಪ್ಸಿಯ ಜೊತೆ ಬಂದಿದ್ದ ಚೀಟಿಯನ್ನು ಅವರ ಮುಂದಿಟ್ಟಳು.

ಅದರಲ್ಲಿ ತಮ್ಮದೇ ಹೆಸರನ್ನು ಓದಿದ ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು, ಒಬ್ಬರೇ.