ಮಾವನ ಪಕ್ಕದಲ್ಲಿ ಐದು ನಿಮಿಷ

ಸಪ್ನಾ ವೇದಿಕೆ ಹತ್ತಿ ಒಂದು ನಿಮಿಷವಾಗಿತ್ತು. ‘ಗುಡ್ ಮಾರ್ನಿಂಗ್’ ಕೂಡ ಬಾಯಿಂದ ಹೊರಟಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಮಾವ ತುಳಜಾರಾಮ ಕೂತಿದ್ದ.

ಹುಮನಾಬಾದಿನ ಆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ದಿಲ್ಶಾದ್ ಬೇಗಂ ಈ ವರ್ಷ ಬಾಯಿಪಾಠದ ಭಾಷಣ ಬಂದ್ ಮಾಡಿದ್ದರು. ದುಡಿಯುವವರೊಬ್ಬರ ಜೊತೆ ಆರು ವಾರ ಓಡಾಡಿ, ಕೇಳಿ ಬರೆದುಕೊಂಡು, ಕೊನೆಗೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಅದೇ ಪ್ರಾಜೆಕ್ಟು.

ಸಪ್ನಾ ಮಾವನ ಕುರಿ ಕಾಯುವ ಕೆಲಸವನ್ನು ಆರಿಸಿಕೊಂಡಳು. ರಜೆ ಇದ್ದಾಗಲೆಲ್ಲ ಬಸವಕಲ್ಯಾಣದ ಹೊಲಗಳವರೆಗೂ ಹಿಂಡಿನ ಹಿಂದೆ ನಡೆದಳು. ಆದರೆ ಕೊಡಂಬಲದ ಗಂಡನ ಮನೆಯಲ್ಲಿ ಸೊಸೆ ಮಾವನ ಎದುರು ದನಿ ಎತ್ತುವ ಪದ್ಧತಿ ಇಲ್ಲ. ಮದುವೆಯಾಗಿ ಮೂರು ವರ್ಷ, ಅವನ ಜೊತೆ ಒಂದು ಮಾತೂ ಆಡಿಲ್ಲ. ಪ್ರಶ್ನೆಗಳನ್ನೆಲ್ಲ ಅತ್ತೆ ಗಂಗುಬಾಯಿಗೆ ಕೇಳಿದಳು. ಮಾವನೂ ಹೆಂಡತಿಯ ಮುಖ ನೋಡಿಯೇ ಉತ್ತರ ಕೊಟ್ಟ.

“ಮರ್ತಿ ಏನು, ಬೇಟಾ?” ದಿಲ್ಶಾದ್ ಬೇಗಂ ಮೆಲ್ಲಗೆ ಕೇಳಿದರು.

ಮರೆತಿರಲಿಲ್ಲ. ಹೋದ ವರ್ಷ ಇದೇ ಇಂಗ್ಲಿಷಿನಲ್ಲಿ ನಪಾಸಾಗಿದ್ದಳು. ಈ ಸಲವೂ ಹಾಗಾದರೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿತ್ತು.

“ಕುರಿ ಭಾಷಾದಾಗರೆ ಹೇಳವಾ,” ಎಂದ ಹಿಂದಿನ ಬೆಂಚಿನ ವೈಜನಾಥ. ನಾಲ್ಕು ಜನ ನಕ್ಕರು.

ತುಳಜಾರಾಮ ದಿಲ್ಶಾದ್ ಬೇಗಂ ಕಡೆ ತಿರುಗಿದ. “ಬಾಯಾರ, ನಾ ಹೊರಗ ಹೋಗಲೇನ್ರಿ?”

“ನೀವು ಎದ್ರ ಆಕಿ ಮಾರ್ಕ್ಸ್ ಹೋಗ್ತಾವ್ರಿ, ಕಾಕಾ. ಇಲ್ಲೇ ಕೂಡಬೇಕು ಅಂತ ರೂಲ್ ಅದ.”

ಅವನು ಹೆಗಲ ಮೇಲಿನ ಕಂಬಳಿ ಬಿಡಿಸಿ, ತಲೆಯಿಂದ ಮೊಣಕಾಲಿನವರೆಗೆ ಹೊದ್ದು, ಮುಖ ಕಾಣದಂತೆ ಅಂಚನ್ನು ಒಳಕ್ಕೆ ಎಳೆದುಕೊಂಡ.

“ಈಗ ನಾ ಇಲ್ಲಿ ಇಲ್ಲರಿ,” ಎಂದ ಒಳಗಿನಿಂದ. “ಹೇಳು ಅನ್ರಿ ಆಕಿಗಿ.”

ಸಪ್ನಾಳ ಮೊದಲ ವಾಕ್ಯ ಮುಂದಿನ ಬೆಂಚಿಗಷ್ಟೇ ಕೇಳಿತು. ಮೂರನೆಯದು ಬಾಗಿಲವರೆಗೂ ಹೋಯಿತು. ಯಾವ ತಿಂಗಳು ಯಾವ ದಾರಿ, ಕುಂಟುವ ಕುರಿಗೆ ಏನು ಕಟ್ಟುವುದು, ಕತ್ತಲಲ್ಲೂ ಬರೀ ದನಿ ಕೇಳಿ ಯಾವ ಮರಿ ಯಾವ ತಾಯಿಯದೆಂದು ಮಾವ ಹೇಗೆ ಹೇಳುತ್ತಾನೆ, ಎಲ್ಲ ಬಂತು. ವ್ಯಾಕರಣ ಎರಡು ಕಡೆ ತಪ್ಪಿತು. ಅವಳು ನಿಲ್ಲಲಿಲ್ಲ.

ಐದು ನಿಮಿಷದ ಗಂಟೆ ಹೊಡೆಯಿತು. ಚಪ್ಪಾಳೆ ಬಿತ್ತು. ಕಂಬಳಿ ಸ್ವಲ್ಪ ಅಲುಗಿತು.

“ಮುಗೀತೇನ್ರಿ, ಬಾಯಾರ?”

ದಿಲ್ಶಾದ್ ಬೇಗಂ ಬಾಯಿ ತೆರೆಯುವ ಮೊದಲೇ ಸಪ್ನಾಳ ದನಿ ಕೇಳಿತು.

“ಇನ್ನಾ ಹೇಳೋದು ಅದರಿ, ಮಾವಾ.”