ದ್ಯಾಮವ್ವನ ಸ್ನಾಯುವಿನ ತೂಕ

ಕೆಳಗೆ ಗದಗದಲ್ಲಿ ಶ್ರಾವಣದ ಬೆಳಗಾಗುತ್ತಿದ್ದಾಗ, ಚಂದ್ರನ ಮೇಲಿನ ಊರಿನಲ್ಲಿ ಹದಿನೈದು ದಿನದ ಹಗಲು ಆಗತಾನೇ ಶುರುವಾಗಿತ್ತು. ದ್ಯಾಮವ್ವ ಮಗಳ ಬಾಣಂತನಕ್ಕೆ ಭೂಮಿಗೆ ಇಳಿಯಬೇಕಿತ್ತು. ಜೊತೆಗೆ ಬರುವೆನೆಂದು ಗಂಡ ಫಕೀರಪ್ಪನೂ ಹಟ ಹಿಡಿದಿದ್ದ. ಚಂದ್ರನ ಹಗುರದಲ್ಲಿ ಸ್ನಾಯು ಸವೆದವರ ಕಾಲು ಭೂಮಿಯ ಭಾರಕ್ಕೆ ನಿಲ್ಲುವುದಿಲ್ಲವೆಂದು ಅಂಥವರನ್ನು ಇಳಿಸುತ್ತಿರಲಿಲ್ಲ. ಮೈಯಲ್ಲಿ ಸ್ನಾಯು ಎಷ್ಟಿದೆಯೆಂದು ಅಳೆಯುವ ಪರೀಕ್ಷೆಗೆ ಹಿಂದಿನ ದಿನ ಗುಳಿಗೆ ನುಂಗಿ, ಬೆಳಿಗ್ಗೆ ಮೂತ್ರ ಕೊಟ್ಟು, ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದರು.

“ಕಡ್ಡಿ ಆಗೀದಿ. ಇಲ್ಲಿ ಗಾಳಿ ಬೀಸಂಗಿಲ್ಲಂತ ಉಳದೀದಿ,” ಎಂದು ದುಂಡಗಿದ್ದ ಫಕೀರಪ್ಪ ನಕ್ಕ. ದ್ಯಾಮವ್ವ ಸೆರಗು ಹಿಂಡುತ್ತಾ ಬಾಗಿಲ ಕಡೆ ನೋಡಿದಳು.

ನರ್ಸ್ ಬಂದಳು. “ಯವ್ವಾ, ನಿಮ್ಮ ಸ್ನಾಯು ಬೇಕಾದಷ್ಟೈತಿ, ಹೋಗಿಬರ್ರಿ. ಕಾಕಾರ, ನಿಮ್ದು ಬರೇ ಕೊಬ್ಬು. ಸ್ನಾಯು ಸವೀಬಾರದಂತ ಕೊಟ್ಟ ಕಬ್ಬಿಣದ ಗುಂಡು ಕಾಲಿಗೆ ಕಟ್ಟಿಕೊಂಡು ಅಡ್ಡಾಡ್ತೀರೋ ಇಲ್ಲೋ?”

“ಅವರವು ಮಂಚದ ಕೆಳಗದಾವು,” ಎಂದಳು ದ್ಯಾಮವ್ವ. “ನಾ ಒಬ್ಬಾಕೀನ ಕಟ್ಟಿಕೊಂಡು ರೊಟ್ಟಿ ಬಡೀತೀನಿ.”

ಫಕೀರಪ್ಪನ ಮುಖ ಇಳಿಯಿತು.

“ಹೆದರಬ್ಯಾಡ್ರಿ, ಸ್ನಾಯು ಇನ್ನೂ ತುಂಬಿಸಬಹುದು. ಗೊತ್ತಿಲ್ಲದ ಇಳದಿದ್ರ ಸೊಂಟ ಮುರೀತಿತ್ತು,” ಎಂದಳು ನರ್ಸ್.

ದ್ಯಾಮವ್ವ ನಿರಾಳವಾಗಿ ಉಸಿರು ಬಿಟ್ಟಳು. ಮಗಳ ಜೊತೆ ಗಂಡನ ಬಾಣಂತನವನ್ನೂ ಮಾಡುವುದು ತಪ್ಪಿತ್ತು.

“ಕೂಸಿಗೆ ಹಲ್ಲು ಬರೂದ್ರಾಗ ಗಟ್ಟಿ ಆಗಿ ಬರ್ರಿ,” ಎಂದು ಗಂಡನಿಗೆ ಹೇಳಿ, ಸೋಮವಾರ ಅವಳೊಬ್ಬಳೇ ಇಳಿದುಹೋದಳು.