ಹಳೇ ಕೀ ಕವರು

ಸೊಸೆ ಹೊಸ ಪ್ಲಾಸ್ಟಿಕ್ ಕವರಿನ ಕೀ ಒತ್ತಿದರೆ ಕಾರಿನ ಬಾಗಿಲೇನೋ ತೆರೆಯಿತು. ಎಂಜಿನ್ ಮಾತ್ರ ಹತ್ತಿದಂತೆ ಮಾಡಿ ಆರಿಹೋಯಿತು. ಹಿಂದಿನ ಸೀಟಿನಲ್ಲಿ ಮಾವ ಕಣ್ಣಿನ ಆಪರೇಷನ್ನಿಗೆ ಹೊರಟು ಕೂತಿದ್ದರು.

“ಹಳೇ ಕವರೊಳಗೆ ಅಕ್ಕಿಕಾಳಿನಷ್ಟು ಕರೀ ಚಿಪ್ ಇರುತ್ತಮ್ಮ. ಕಾರು ಅದರ ಗುರುತು ಹಿಡಿದ್ರೇನೇ ಸ್ಟಾರ್ಟಾಗೋದು. ಅದನ್ನ ಹೊಸದಕ್ಕೆ ಹಾಕಿದ್ರಾ?” ಎಂದ ಮೆಕ್ಯಾನಿಕ್, ಫೋನಿನ ಸ್ಪೀಕರಿನಲ್ಲಿ.

ಸೊಸೆ ಹಾಕಿರಲಿಲ್ಲ. ಕೀಯೊಳಗಿನ ಬೋರ್ಡು, ಬ್ಯಾಟರಿಯನ್ನಷ್ಟೇ ಹೊಸದಕ್ಕೆ ಹಾಕಿ, ಒಡೆದಿದ್ದ ಹಳೇ ಕವರನ್ನು ನಿನ್ನೆ ಕಸದ ಬುಟ್ಟಿಗೆ ಎಸೆದಿದ್ದಳು. ಕಸದ ಗಾಡಿ ಬೆಳಗ್ಗೆಯೇ ಬಂದುಹೋಗಿತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋಗಿ, ಸೊಸೆ ದಿನವೂ ‘ಗುಜರಿ ಅಂಗಡಿ’ ಎಂದು ಸಿಡುಕುತ್ತಿದ್ದ ತಮ್ಮ ಡಬ್ಬ ತಂದರು. ಗುಂಡಿ, ಮುರುಕು ಬೀಗಗಳ ನಡುವೆ ಹಳೇ ಕವರು! “ಬುಟ್ಟಿಯಲ್ಲಿ ನೋಡಿ ಮನಸ್ಸು ತಡೀಲಿಲ್ಲ ಕಣೇ, ಎತ್ತಿಟ್ಟೆ. ಬೈಬೇಡ.”

ಚಿಪ್ ಸೇರಿಸಿದ್ದೇ ತಡ, ಎಂಜಿನ್ ಗುರ್ರೆಂದಿತು. ಖಾಲಿ ಕವರನ್ನು ಸೊಸೆ ತಾನೇ ಡಬ್ಬಕ್ಕೆ ಹಾಕಿ, ಮುಚ್ಚಳ ಭದ್ರವಾಗಿ ಒತ್ತಿದಳು. “ಇದೂ ಇರ್ಲಿ, ಅತ್ತೆ.”